ದಫ್ತರದಾರರ ಮನೆಯ ಆಯ

ಲಕ್ಷ್ಮೇಶ್ವರದ ಮೋಟಾರ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದುಕೊಡುತ್ತಿದ್ದ ಯಮನೂರಪ್ಪನ ಮನಸ್ಸು ಯಾರದಾದರೂ ಹೆಂಡತಿಯ ಮೇಲೆ ಹೋಗಿದ್ದರೆ ಊರು ನಾಲ್ಕು ದಿನ ಆಡಿಕೊಂಡು ಐದನೆಯ ದಿನ ಮರೆತುಬಿಡುತ್ತಿತ್ತು. ಅದು ಹೋದದ್ದು ಇನ್ನೊಬ್ಬರ ಮನೆಯ ಮೇಲೆ. ಅದಾದರೂ ಹರೆಯದ್ದೇ? ಹಲ್ಲುದುರಿ, ನಡ ಬಿದ್ದು, ಅರ್ಧ ಮಾಳಿಗೆ ನೆಲಕ್ಕಿಳಿದು, ಅಡುಗೆಮನೆಯ ನಟ್ಟನಡುವೆ ಒಂದು ಬೇವಿನ ಗಿಡ ರೊಟ್ಟಿ ಬಡಿಯಲು ನಿಂತಂತೆ ನಿಂತಿದ್ದ ದಫ್ತರದಾರರ ಮನೆ.

ದಫ್ತರದಾರರು ಮಿರಜ ಸಂಸ್ಥಾನದ ಕಾಲದಲ್ಲಿ ಕಾಗದಪತ್ರ ಕಾಯುತ್ತಿದ್ದವರು. ಸಂಸ್ಥಾನ ಹೋಗಿ ಊರು ಮುಂಬಯಿ ಸರಕಾರಕ್ಕೆ ಸೇರಿದ ವರ್ಷ ಅವರೂ ಸಾಮಾನು ಕಟ್ಟಿಕೊಂಡು ಮಿರಜಿಗೆ ಹೋದರು. ಕೀಲಿಕೈ ನೆರೆಮನೆಯ ಅಮೃತವ್ವನ ಗೂಟಕ್ಕೆ ಬಂತು. ಮಣ್ಣಿನ ಮಾಳಿಗೆ ಎಂದರೆ ಹಟಮಾರಿ ಕೂಸಿದ್ದಂತೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಹೊಸ ಮಣ್ಣು ಹೊದಿಸಿ ಬಡಿದರೆ ಮಾತ್ರ ಸುಮ್ಮನಿರುತ್ತದೆ. ಹೊದಿಸುವವರೂ ಇಲ್ಲ, ಬಡಿಯುವವರೂ ಇಲ್ಲ. ಏಳನೆಯ ಮಳೆಗಾಲದಲ್ಲಿ ಅದು ಕೆಳಗೆ ಕೂತುಬಿಟ್ಟಿತು.

ಯಮನೂರಪ್ಪ ಡೋಣಿ ಎಂಬ ಹಳ್ಳಿಯವನು. ಹೆಂಡತಿ ನೀಲಗಂಗವ್ವ ಡಂಬಳದವಳು. ಇಬ್ಬರೂ ರಮಜಾನಬಿಯ ಮನೆಯ ಅರ್ಧ ಪಡಸಾಲೆಯಲ್ಲಿ ಬಾಡಿಗೆಗಿದ್ದರು. ಉಳಿದರ್ಧದಲ್ಲಿ ರಮಜಾನಬಿಯ ಆಡುಗಳಿದ್ದವು. ನಡುವೆ ಒಂದು ಗೋಣಿತಟ್ಟು. ಗಂಡ ಹೆಂಡತಿ ಆಡಿದ್ದೆಲ್ಲ ಆಡಿಗೂ ಕೇಳುತ್ತಿತ್ತು. ಆಡು ಮಾತ್ರ ಯಾರ ಮುಂದೂ ಆಡುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ದಿನಾ ಸಂಜೆ ಗದಗಿನ ಮೋಟಾರು ಹೋದ ಮೇಲೆ ಯಮನೂರಪ್ಪ ಅಮೃತವ್ವನ ಕಡೆ ಹೋಗಿ, “ಯವ್ವಾ, ಹಾವು ಗೀವು ಹೊಕ್ಕಾವೇನೋ ನೋಡಿ ಬರ್ತೀನಿ, ಕೀಲಿ ಕೊಡ್ರಿ” ಎನ್ನುತ್ತಿದ್ದ. ಬೇರೆಯವರ ಮನೆಯ ಹಾವಿನ ಚಿಂತೆ ಇವನಿಗೇಕೆ ಎಂದು ಅಮೃತವ್ವ ಕೇಳುತ್ತಿರಲಿಲ್ಲ. ಒಳಗೆ ಹೋದವನೇ ನಾಲ್ಕು ಕಂಬಗಳ ಪಡಸಾಲೆಯಲ್ಲಿ ಧೂಳು ಊದಿ ಕೂಡುತ್ತಿದ್ದ. ಈ ಗೋಡೆಗೆ ತೊಟ್ಟಿಲು, ಆ ಮೂಲೆಗೆ ಜೋಳದ ಚೀಲ, ಬಾವಿಯ ಪಕ್ಕ ಕರಿಬೇವು. ಆಮೇಲೆ ಅತಿಥಿಗಳು ಬರಲು ಶುರುವಾಗುತ್ತಿದ್ದರು. ಅನುಕರಣೆಯಲ್ಲಿ ಅವನನ್ನು ಮೀರಿಸುವವರು ಮುಂಡರಗಿಯಿಂದ ಗದಗಿನವರೆಗೆ ಇರಲಿಲ್ಲ. ಮೊದಲು ಡಂಬಳದ ಅತ್ತೆಯ ಮೂಗಿನ ದನಿ: “ಅಯ್ಯ, ಅಳಿಯಪ್ಪಾ, ಇಷ್ಟ ದೊಡ್ಡ ಮನಿ ಯಾವಾಗ ಕಟ್ಟಿಸಿದಿ?” ಆಮೇಲೆ ಮೋಟಾರ್ ಮಾಲಕರ ಗಂಟಲು: “ಯಮನೂರಪ್ಪನವರ, ನಮಗೂ ಒಂದ ಖೋಲಿ ಬಾಡಗಿ ಕೊಡ್ರೆಲಾ.” ಕೊನೆಗೆ ತನ್ನದೇ ದನಿ, ತುಸು ಕೆಮ್ಮಿ, ಯಜಮಾನನ ತೂಕ ತುಂಬಿ: “ನೋಡೂಣಂತ, ಕುಂಡ್ರಿ.” ಕೇಳಲು ಬಾವಲಿಗಳಿದ್ದವು. ತಲೆಕೆಳಗಾಗಿಯೇ ಕೇಳುತ್ತಿದ್ದವು.

ನೀಲಗಂಗವ್ವನಿಗೆ ಅವನು ಒಂದು ಮಾತೂ ಹೇಳಿರಲಿಲ್ಲ. ಕೊಂಡ ಮೇಲೆ ಕೈ ಹಿಡಿದು ಕರೆತಂದು ತೋರಿಸಬೇಕು, ಅವಳು ಬೆರಗಾಗಬೇಕು, ಅಂತ ಆಸೆ. ಆಸೆಗೆ ಅಡ್ಡಿ ಒಂದೇ: ದಫ್ತರದಾರರು ಕೇಳುತ್ತಿದ್ದುದು ಒಂಬತ್ತು ನೂರು, ಇವನ ಟ್ರಂಕಿನಲ್ಲಿದ್ದುದು ನೂರಾ ಎಂಬತ್ತು. ಮನೆಗೆ ಆಯ ನೋಡಬೇಕು, ಮನೆ ಕೊಳ್ಳುವವನಿಗೆ ಆದಾಯ ನೋಡಬೇಕು ಅನ್ನುತ್ತಾರಲ್ಲ. ಯಮನೂರಪ್ಪ ಎರಡನ್ನೂ ನೋಡದೆ ಬರೀ ಮನೆ ನೋಡುತ್ತಿದ್ದ.

೧೯೫೫ರ ದೀಪಾವಳಿಯ ಹೊತ್ತಿಗೆ ಅಮೃತವ್ವನಿಗೆ ಮಿರಜಿನಿಂದ ಕಾಗದ ಬಂತು. ಓದಿದವನು ಯಮನೂರಪ್ಪನೇ. ಭಾಷೆ ನೋಡಿ ರಾಜ್ಯ ಒಡೆಯುತ್ತಾರಂತೆ, ಮಿರಜ ಒಂದು ರಾಜ್ಯಕ್ಕೆ ಹೋಗಿ ಲಕ್ಷ್ಮೇಶ್ವರ ಇನ್ನೊಂದಕ್ಕೆ ಹೋಗುತ್ತದಂತೆ, ಪರರಾಜ್ಯದಲ್ಲಿ ಮನೆ ಇಟ್ಟುಕೊಂಡು ಅದಕ್ಕೆ ಯಾವ ಭಾಷೆಯಲ್ಲಿ ಕಂದಾಯ ಕಟ್ಟುವುದು, ಆದ್ದರಿಂದ ಗಡಿ ಬೀಳುವುದರೊಳಗೆ ಮಾರಿಬಿಡಬೇಕು, ನೋಡಲು ಗಿರಾಕಿಗಳು ಬರುತ್ತಾರೆ, ಕೀಲಿ ಕೊಡಿ.

“ಏನ ಬರದಾರಪಾ?” ಎಂದಳು ಅಮೃತವ್ವ.

“ಆರಾಮ ಅದಾರಂತ,” ಎಂದ ಯಮನೂರಪ್ಪ.

ಆದರೆ ಗಿರಾಕಿ ಕಾಗದಕ್ಕಾಗಿ ಕಾಯಲಿಲ್ಲ. ಎಂಟೇ ದಿನಕ್ಕೆ ಮುಂಡರಗಿಯ ಅರಳೆ ವ್ಯಾಪಾರಿ ನಿಜಲಿಂಗಪ್ಪನವರು ಮೋಟಾರಿನಿಂದ ಇಳಿದು, ಜರಿ ರುಮಾಲು ಸರಿಮಾಡಿಕೊಂಡು, ನೆಟ್ಟಗೆ ಚೀಟಿಯ ಕಿಂಡಿಗೇ ಬಂದರು.

“ತಮ್ಮಾ, ದಫ್ತರದಾರರ ಮನಿ ಎಲ್ಲಿ ಬರತೈತಿ?”

ಯಮನೂರಪ್ಪನ ಎದೆಯಲ್ಲಿ ಇನ್ನೊಂದು ಮಾಳಿಗೆ ಕುಸಿಯಿತು.

“ಯಾಕ್ರಿ, ತಗೊಳ್ಳಾವ್ರೇನ್ರಿ?”

“ನೋಡೂದು. ಮನಸಿಗೆ ಬಂದ್ರ ತಗೊಳ್ಳೂದು. ಮನಿ ಹೆಂಗೈತಿ?”

“ಮನಿ ಭಾಳ ಛಲೋ ಐತ್ರಿ. ಕಂಬ ನೋಡ್ರಿ, ಬಾವಿ ನೋಡ್ರಿ, ಹೆಸರಿಡೂಹಂಗ ಇಲ್ಲ. ಆಯ ಒಂದ...” ಎಂದು ಯಮನೂರಪ್ಪ ನಿಲ್ಲಿಸಿಬಿಟ್ಟ. ಮುಂದಿನದು ಅವನಿಗೂ ಇನ್ನೂ ಹೊಳೆದಿರಲಿಲ್ಲ.

“ಆಯ ಏನಾಗೈತಿ?”

“ಬಿಡ್ರಿ. ಒಬ್ಬರ ಮನಿ ವಿಚಾರ ನಾ ಯಾಕ ಹೇಳಲಿ.”

ಆಯ ಎಂದರೆ, ಮನೆಯ ಉದ್ದ ಅಗಲವನ್ನು ಯಜಮಾನನ ಮೊಳದಿಂದ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದಕ್ಕೆ ಒಂದು ಹೆಸರಿಡುವ ಲೆಕ್ಕ. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಮನೆ ಉದ್ಧಾರ. ನಾಲ್ಕು ಉಳಿದರೆ ನಾಯಿ, ಆರಾದರೆ ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ಮನೆಯಲ್ಲಿಯೂ ಏನೂ ಉಳಿಯುವುದಿಲ್ಲ. ಗೋಡೆ ಬಿದ್ದ ಮನೆಯನ್ನು ಕೊಳ್ಳುವವರು ಸಿಕ್ಕಾರು, ಆಯ ಬಿದ್ದ ಮನೆಯನ್ನು ಬಿಟ್ಟಿ ಕೊಟ್ಟರೂ ಯಾರೂ ಒಲ್ಲರು.

ನಿಜಲಿಂಗಪ್ಪನವರು ಕಿಂಡಿಯೊಳಗೆ ರುಮಾಲು ತೂರಿಸಿದರು. “ಏ, ಹೇಳೋ ಮಾರಾಯಾ.”

ಯಮನೂರಪ್ಪ ಅತ್ತಿತ್ತ ನೋಡಿದ. ಆಮೇಲೆ ಅವನ ಗಂಟಲಿಂದ ಊರಿನಲ್ಲಿ ಮನೆ ಕಟ್ಟುವ ಹಿರೇ ಗೌಂಡಿ ಮುದಕಪ್ಪನ ಬಿರುಕು ದನಿ ಹೊರಟಿತು, ಎಲೆಅಡಿಕೆಯ ರಸ ಸಹಿತ: “‘ನಾಯಿ ಆಯ ಲೇ ಅದು, ಶುದ್ಧ ನಾಯಿ ಆಯ. ಬೊಗಳಿ ಬೊಗಳಿ ಸಾಯ್ತಾರ ಅದರಾಗ ಇದ್ದವರು!’ ಹಂಗಂತಾನ್ರಿ ನಮ್ಮ ಮುದಕಪ್ಪಜ್ಜ. ಖರೆ ಖೊಟ್ಟಿ ಅವಗ ಗೊತ್ತು.”

ನಿಜಲಿಂಗಪ್ಪನವರು ಮನೆ ನೋಡಲಿಲ್ಲ. ಬಂದ ಮೋಟಾರಿನಲ್ಲಿಯೇ ಹಿಂದಿರುಗಿದರು. ಚೀಟಿಯನ್ನು ಯಮನೂರಪ್ಪ ಬಹಳ ಮರ್ಯಾದೆಯಿಂದ ಹರಿದುಕೊಟ್ಟ.

ಒಂದು ಸುಳ್ಳನ್ನು ಮೋಟಾರ್ ಸ್ಟ್ಯಾಂಡಿನಲ್ಲಿ ಹುಟ್ಟಿಸಿದರೆ ಅದಕ್ಕೆ ಬೇರೆ ವಾಹನ ಬೇಕಿಲ್ಲ. ಶಿರಹಟ್ಟಿಯ ಮೋಟಾರಿಗೆ ಹತ್ತಿ ಶಿರಹಟ್ಟಿಗೆ ಹೋಯಿತು, ಗದಗಿನದಕ್ಕೆ ಹತ್ತಿ ಬೆಟಗೇರಿಯ ಮಗ್ಗದ ಮನೆಗಳಲ್ಲಿ ಇಳಿಯಿತು. ಊರಿನ ಮಂದಿಗೆ ಈಗ ಒಂದೊಂದೇ ನೆನಪಾಗತೊಡಗಿತು. ದಫ್ತರದಾರರ ಅಣ್ಣ ತಮ್ಮಂದಿರು ಜಗಳಾಡಿ ಬೇರೆಯಾಗಲಿಲ್ಲವೇ? ಅವರ ಮುದುಕಿಗೆ ಕೊನೆಗಾಲದಲ್ಲಿ ಕೆಮ್ಮು ಬಂದದ್ದು ಬೊಗಳಿದ ಹಾಗೆಯೇ ಇರಲಿಲ್ಲವೇ? ಒಬ್ಬರು ಇನ್ನೂ ಆಳಕ್ಕೆ ಹೋದರು: ಇಡೀ ಸಂಸ್ಥಾನದ ಕಾಗದಪತ್ರವೆಲ್ಲ ಇದ್ದದ್ದು ಆ ಮನೆಯಲ್ಲಿ, ಸಂಸ್ಥಾನ ಹೋದದ್ದು ಸುಮ್ಮನೆ ಅಲ್ಲ. ಅಮೃತವ್ವ ಎಲ್ಲರಿಗಿಂತ ಮಿಗಿಲಾದ ಸಾಕ್ಷಿ ಕೊಟ್ಟಳು. “ಸಂಜಿಮುಂದ ಒಳಗ ಐದಾರು ಮಂದಿ ಮಾತಾಡತಾರವ್ವಾ. ಒಂದ ಹೆಂಗಸೂ ಐತಿ. ಯಮನೂರಪ್ಪ ಗಟ್ಟಿಗ, ದಿನಾ ಹೋಗಿ ನೋಡಿ ಬರ್ತಾನ.”

ಮುದಕಪ್ಪನ ಹತ್ತಿರ ಹೋಗಿ, “ಅಜ್ಜಾ, ಹಿಂಗ ಅಂದಿಯಂತ, ಖರೆ ಏನ?” ಎಂದು ಕೇಳಿದವರೂ ಇದ್ದರು. ಮುದಕಪ್ಪ ಆ ಮನೆಯನ್ನು ಎಂದೂ ಅಳೆದಿರಲಿಲ್ಲ. ಆದರೆ ಮೂರು ವರ್ಷದಿಂದ ಅವನನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ. ಎಲ್ಲರೂ ಗದಗಿನ ಹೊಸ ಗೌಂಡಿಗಳ ಹಿಂದೆ ಬಿದ್ದಿದ್ದರು. ಅವನು ಎಲೆಗೆ ಸುಣ್ಣ ಹಚ್ಚುತ್ತ ಬಹಳ ಹೊತ್ತು ಯೋಚಿಸಿ, “ಅಂದಿರಬೇಕು” ಎಂದ. ಮರುವಾರ ಎರಡು ಮನೆಯವರು ಆಯ ನೋಡಲು ಕರೆದರು. ಆಮೇಲೆ ಕೇಳಿದವರಿಗೆ “ಅಂದೀನಿ” ಎಂದ.

ಬೆಲೆ ಇಳಿಯತೊಡಗಿತು. ಸಂಕ್ರಾಂತಿಗೆ ಏಳು ನೂರು, ಯುಗಾದಿಗೆ ಐದು ನೂರು. ಪ್ರತಿ ಕಾಗದವನ್ನೂ ಓದಿ ಯಮನೂರಪ್ಪ ಲೊಚಗುಟ್ಟುತ್ತಿದ್ದ, ಸಂಜೆ ಹೋಗಿ ಕಂಬಕ್ಕೆ ಆತು ಕೂತು ನಗುತ್ತಿದ್ದ. ಬೇಸಿಗೆಯಲ್ಲಿ, ಬರುವ ಮಳೆಗೆ ಉಳಿದರ್ಧ ಮಾಳಿಗೆಯೂ ಬಿದ್ದೀತೆಂದು ಹೆದರಿ, ಕದ್ದು ಹನ್ನೆರಡು ಬುಟ್ಟಿ ಮಣ್ಣು ಹೊತ್ತು ಹಾಕಿದ. ತನ್ನದಲ್ಲದ ಮನೆಗೆ, ತಾನೇ ಕೆಟ್ಟ ಹೆಸರು ತಂದ ಮನೆಗೆ, ತನ್ನ ತಲೆಯ ಮೇಲೆ ಮಣ್ಣು. ಮನೆಯ ಹೆಸರು ಕೆಡಬೇಕು, ಮನೆ ಕೆಡಬಾರದು. ಇದು ಅವನ ನೀತಿ.

೧೯೫೬ರ ಅಕ್ಟೋಬರ್ ಮೂವತ್ತರಂದು ದಫ್ತರದಾರರು ಸ್ವತಃ ಮೋಟಾರಿನಿಂದ ಇಳಿದರು. ಕೈಯಲ್ಲಿ ಛತ್ರಿ, ಕಂಕುಳಲ್ಲಿ ಛಾಪಾ ಕಾಗದದ ಸುರುಳಿ.

“ಅರೇ ಯಮನೂರಪ್ಪಾ, ನಾಡದಿಂದ ಈ ಊರು ಮೈಸೂರು ರಾಜ್ಯ ಆಗ್ತದ. ನಂದು ಮಿರಜ ಮುಂಬಯಿದಾಗ ಉಳೀತದ. ಆಮ್ಯಾಲೆ ನಾ ಎಲ್ಲಿ ನಿಂತು ಸಹಿ ಮಾಡಲಿ, ಗಡೀ ಮ್ಯಾಲೆ? ಮುನ್ನೂರಕ್ಕ ಯಾರರ ತಗೋತಾರೇನು ನೋಡು. ನಾಳೆ ಶಿರಹಟ್ಟಿಗೆ ಹೋಗಿ ನೋಂದಣಿ ಮಾಡಿಕೊಟ್ಟು ಹಂಗ ಹೋಗಿಬಿಡ್ತೇನೆ.”

ಟ್ರಂಕಿನಲ್ಲಿದ್ದುದು ಮುನ್ನೂರಾ ಹದಿನಾಲ್ಕು. ಯಮನೂರಪ್ಪ ಕಿಂಡಿಗೆ ಹಲಗೆ ಹಾಕಿ ಮನೆಗೆ ಓಡಿದ. ಗೋಣಿತಟ್ಟಿನ ಈಚೆ ಕಾಳು ಆರಿಸುತ್ತಿದ್ದ ನೀಲಗಂಗವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಉಸುರಿದ.

“ನೀಲವ್ವಾ, ನಾವು ಮನಿ ತಗೊಳ್ಳಾಕತ್ತೀವಿ. ದಫ್ತರದಾರರ ಮನಿ.”

ಅವಳ ಮೊರ ನಿಂತಿತು. “ಯಾವುದು, ಆ ನಾಯಿ ಮನೀನ?”

“ಹಂಗನಬ್ಯಾಡ. ನಾಲ್ಕ ಕಂಬ, ಬಾವಿ...”

“ನಾ ಕಾಲ ಇಡೂದಿಲ್ಲ. ಈ ಆಡಿನ ಸಂಗಾಟ ಇರ್ತೀನಿ, ಆ ನಾಯಿ ಸಂಗಾಟ ಇರೂದಿಲ್ಲ.”

“ಅದು ಸುಳ್ಳ. ನಾನ ಹುಟ್ಟಿಸಿದ್ದು.”

“ಏನ?”

“ನಾಯಿ ಆಯ. ಯಾರೂ ತಗೋಬಾರದಂತ ನಾನ ಹೇಳಿದ್ದು.”

ನೀಲಗಂಗವ್ವ ಗಂಡನ ಮುಖವನ್ನು ಮೊರದಲ್ಲಿಯ ಕಾಳಿನಂತೆ ನೋಡಿದಳು. “ಮುದಕಪ್ಪಜ್ಜ ಹೇಳ್ಯಾನಲ್ಲ?”

“ಅವನ ದನಿ ತಗದು ನಾ ಹೇಳಿದ್ದು.”

“ಅಮೃತವ್ವ ಐದಾರು ಮಂದಿ ಮಾತು ಕೇಳ್ಯಾಳಲ್ಲ, ಸಂಜಿಮುಂದ?”

“ಅದೂ ನಾನ.”

“ಐದಾರು ಮಂದಿ?”

“ಐದಾರೂ ನಾನ.”

“ಹೆಂಗಸೂ ಇತ್ತಂತ.”

ಯಮನೂರಪ್ಪ ತಲೆ ತಗ್ಗಿಸಿದ. “ಅದು ನಿಮ್ಮವ್ವ.” ನಂಬಿಕೆ ಬರಲೆಂದು ಮೂಗಿನಿಂದ ಒಂದು ಸಾಲು ಹೇಳಿಯೂ ತೋರಿಸಿದ: “ಅಯ್ಯ, ಅಳಿಯಪ್ಪಾ, ಇಷ್ಟ ದೊಡ್ಡ ಮನಿ...”

ತಟ್ಟಿನ ಆಚೆಯಿಂದ ರಮಜಾನಬಿಯ ನಗು ಕೇಳಿಸಿತು. ನೀಲಗಂಗವ್ವ ನಗಲಿಲ್ಲ. “ನಮ್ಮವ್ವನ್ನ ಆ ಮನಿಯಾಗ ನನಗಿಂತ ಮೊದಲ ಕರಕೊಂಡ ಹೋಗಿ ಕುಂಡ್ರಿಸೀರಿ. ಆತು. ವರ್ಷಗಟ್ಟಲೆ ಊರಿಗೆ ಸುಳ್ಳ ಹೇಳಿದವ್ರು ಇವತ್ತ ನನಗೊಬ್ಬಾಕಿಗೆ ಖರೆ ಹೇಳತೀರಂತ ಹೆಂಗ ನಂಬಲಿ? ಮುದಕಪ್ಪಜ್ಜನ್ನ ಕರೀರಿ. ಮನಿ ಅಳಸ್ರಿ. ನಾ ನೋಡತೀನಿ.”

ಯಮನೂರಪ್ಪನಿಗೆ ಹೆದರಿಕೆ ಏನೂ ಇರಲಿಲ್ಲ. ಸುಳ್ಳು ತನ್ನದೇ ಕೈಯಿಂದ ಆದದ್ದು, ಅದರ ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುದಕಪ್ಪನನ್ನು ಕರೆಯಲು ಹೋದಾಗ, “ಅಜ್ಜಾ, ನೀ ಎಂದೂ ಅಳದಿಲ್ಲ, ನಾಯಿ ಆಯ ಅಂತ ಅಂದೂ ಇಲ್ಲ, ಅಷ್ಟ ಇಕಿಗೆ ಹೇಳಿಬಿಡು” ಎಂದು ಬೇಡಿಕೊಂಡ.

ಮುದಕಪ್ಪ ಕಣ್ಣು ಕೆಂಪಗೆ ಮಾಡಿದ. “ನಾ ಅಂದಿಲ್ಲ ಅನ್ನಾಕ ನೀ ಯಾರಲೇ? ಬಾಯಿ ನಂದು, ಮಾತು ನಂದು. ನೀ ಬರೇ ಚೀಟಿ ಹರಿ.”

ಮಧ್ಯಾಹ್ನ ದಫ್ತರದಾರರ ಮನೆಯ ಕದ ತೆರೆಯಿತು. ದಫ್ತರದಾರರು ಅಮೃತವ್ವನ ಕಟ್ಟೆಯ ಮೇಲೆ ಛತ್ರಿ ಊರಿ ಕೂತರು. ನೀಲಗಂಗವ್ವ ಹೊಸ್ತಿಲ ಹೊರಗೇ ನಿಂತು ಒಳಗೆ ಇಣುಕಿದಳು. ಮುರಿದ ಮಾಳಿಗೆಯಿಂದ ಬಿಸಿಲು ನೇರ ಪಡಸಾಲೆಗೆ ಇಳಿದು ನಾಲ್ಕು ಕಂಬಗಳ ಬುಡಕ್ಕೆ ಬಿದ್ದಿತ್ತು. ಕಂಬದ ಮೇಲೆ ಗಿಳಿಗಳ ಸಾಲು ಕೆತ್ತಿತ್ತು. ಅವಳು ಒಂದು ಸಲ ನೋಡಿದಳು. ಇನ್ನೊಂದು ಸಲ ನೋಡಿದಳು. ಅವಳ ಒಂದು ಕಾಲು, ಅವಳಿಗೆ ಹೇಳದೆಯೇ, ಹೊಸ್ತಿಲ ಒಳಗೆ ಬಂತು.

ಅಳತೆಗೆ ಕಡ್ಡಿ ಹಿಡಿಯುವ ಗೌಂಡಿಗಳಿದ್ದರು. ಮುದಕಪ್ಪನದು ಹಳೆಯ ಪದ್ಧತಿ: ಯಜಮಾನನಾಗುವವನು ನೆಲಕ್ಕೆ ಮೊಣಕಾಲೂರಿ ಗೋಡೆಗುಂಟ ತನ್ನ ಕೈಯನ್ನೇ ಹಾಸುತ್ತ ಹೋಗಬೇಕು. ಯಮನೂರಪ್ಪ ತೋಳು ಮಡಚಿ ಶುರುಮಾಡಿದ. ಅಂಬೆಗಾಲಿನ ಕೂಸಿನಂತೆ ಒಂದು ಗೋಡೆ ಮುಗಿಸಿದ, ಇನ್ನೊಂದು ಮುಗಿಸಿದ. ವರ್ಷದಲ್ಲಿ ಮೊದಲ ಸಲ ಅವನು ಈ ಮನೆಯ ವಿಷಯದಲ್ಲಿ ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಮೊಳಕ್ಕೆ ಮೊಳ, ಬೆರಳಿಗೆ ಬೆರಳು, ಸಾಚಾ.

“ಉದ್ದ ಮೂವತ್ತು,” ಎಂದ ಮುದಕಪ್ಪ. “ಅಗಲ ಇಪ್ಪತ್ತೆರಡು. ಆರನೂರಾ ಅರವತ್ತಾತು. ಎಂಟಲೆ ಭಾಗಿಸಿದ್ರ...” ಕಣ್ಣು ಮುಚ್ಚಿದ. ತುಟಿ ಕುಣಿದವು. ಕಣ್ಣು ತೆರೆದಾಗ ಅವನ ಮುಖದಲ್ಲಿ ಗೆಲುವು ಇರಲಿಲ್ಲ, ಗಾಬರಿ ಇತ್ತು. ವರ್ಷದಿಂದ ಹೇಳಿಕೊಂಡು ಬಂದ ಸುಳ್ಳು ನಿಜವಾದಾಗ ಯಾವ ಗೌಂಡಿಗಾದರೂ ಆಗುವ ಗಾಬರಿ. “ನಾಕು ಉಳೀತು. ನಾಯಿ.”

“ಇನ್ನೊಮ್ಮೆ ಲೆಕ್ಕಾ ಹಾಕು ಅಜ್ಜಾ!”

“ಎಷ್ಟ ಸಲ ಹಾಕಿದ್ರೂ ನಾಯಿ ನಾಯೀನ. ನಾ ಹೇಳಿರಲಿಲ್ಲಾ?”

ಯಮನೂರಪ್ಪ ಅಲ್ಲಿಯೇ ನೆಲಕ್ಕೆ ಕೂತ. ಮೊಣಕಾಲು ತರಚಿತ್ತು. ಕಟ್ಟೆಯಿಂದ ದಫ್ತರದಾರರು, “ಎರಡನೂರಾ ಐವತ್ತಕ್ಕ ಕೊಡ್ತೇನೆ ಬೇಕಾದ್ರ” ಎಂದು ಕೂಗಿದರು. ಬೆಲೆ ಇಳಿದದ್ದರಿಂದ ಯಮನೂರಪ್ಪನಿಗೆ ಸಂತೋಷವಾಗದೆ ಹೋದದ್ದು ಅದೇ ಮೊದಲು. ಇನ್ನು ಹತ್ತು ರೂಪಾಯಿಗೆ ಕೊಟ್ಟರೂ ಈ ಮನೆ ಅವನದಲ್ಲ. ನೀಲವ್ವ ಬರುವುದಿಲ್ಲ, ಅವಳಿಲ್ಲದೆ ತೊಟ್ಟಿಲು ಯಾವ ಗೋಡೆಗಿದ್ದರೇನು? ಅವನು ಕಂಬವನ್ನು ನೋಡಿದ. ಬಾಯಿಂದ ಯಾರ ದನಿಯೂ ಹೊರಡಲಿಲ್ಲ.

ಪಡಸಾಲೆಯ ನಡುವೆ ನಿಂತಿದ್ದ ನೀಲಗಂಗವ್ವ ಒಂದು ಕಂಬದ ಗಿಳಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಕೇಳಿದಳು.

“ಅಜ್ಜಾ, ಆಯ ಅಂದ್ರ ಯಾರ ಮನಿಯೋ ಅವರ ಮೊಳ ಹೌದಲ್ಲ?”

“ಹೌದು.”

“ಮನಿ ನನ್ನ ಹೆಸರಲೆ ಆದ್ರ?”

ಮುದಕಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಅರವತ್ತು ವರ್ಷದಲ್ಲಿ ಅವನಿಗೆ ಈ ಪ್ರಶ್ನೆ ಬಂದಿರಲಿಲ್ಲ. “ಹಂಗಾದ್ರ... ನಿನ್ನ ಮೊಳ.”

ಅವಳು ಸೀರೆ ಕಚ್ಚೆ ಬಿಗಿದು, ಬಳೆ ಮೇಲಕ್ಕೇರಿಸಿ ಕೂತಳು. ಉದ್ದಕ್ಕೆ ಮೂವತ್ತಮೂರು ಮೊಳ ಬಂತು. ಅಗಲದ ಗೋಡೆಗೆ ಹೊರಳುವಾಗ ಮುದಕಪ್ಪ ಮಾಳಿಗೆಯ ತೂತಿನಿಂದ ಆಕಾಶ ನೋಡುತ್ತ, ತನ್ನಷ್ಟಕ್ಕೆ ತಾನೇ ಎಂಬಂತೆ, “ಇಪ್ಪತ್ನಾಕು ಬಂದ್ರ ಕಾಗಿ. ಇಪ್ಪತ್ತೈದು ಬಂದ್ರ ಧ್ವಜ” ಎಂದ. ಒಬ್ಬ ಗಿರಾಕಿಗೆ ಎರಡು ಸಲ ಅಳೆದು ಎರಡೂ ಸಲ ಕೆಟ್ಟದ್ದು ಹೇಳುವ ಗೌಂಡಿಯನ್ನು ಮೂರನೆಯ ಸಲ ಯಾರೂ ಕರೆಯುವುದಿಲ್ಲ.

ಒಂದು, ಎರಡು, ಮೂರು. ಹನ್ನೊಂದನೆಯ ಮೊಳದ ಹತ್ತಿರ ಯಮನೂರಪ್ಪ ತಲೆಯೆತ್ತಿದ. ಹೆಂಡತಿಯ ಮೊಣಕೈ ಇರಬೇಕಾದ ಕಡೆ ಇರಲಿಲ್ಲ. ಹಿಂದಿನ ಮೊಳ ಮುಗಿದ ಜಾಗದಿಂದ ಎರಡು ಬೆರಳು ಹಿಂದಕ್ಕೆ ಸರಿದು ಕೂತಿತ್ತು. ಹನ್ನೆರಡರಲ್ಲಿಯೂ ಎರಡು ಬೆರಳು. ಹದಿಮೂರರಲ್ಲಿ ಮೂರು. ಸೆರಗು ಅದರ ಮೇಲೆ ಬಹಳ ನಾಚಿಕೆಯಿಂದ ಬಿದ್ದಿತ್ತು. ಅವನ ಬಾಯಿ ತೆರೆಯಿತು. ನೀಲಗಂಗವ್ವ ಕೈ ಎತ್ತದೆ ಕತ್ತು ಮಾತ್ರ ಹೊರಳಿಸಿ ಅವನನ್ನು ನೋಡಿದಳು.

“ಏನರ ಹೇಳೂದೈತೇನ್ರಿ?”

“ಇಲ್ಲ ಇಲ್ಲ,” ಎಂದ ಯಮನೂರಪ್ಪ.

“ಇಪ್ಪತ್ತೈದು!” ಎಂದು ಮುದಕಪ್ಪ ಕಟ್ಟೆಯವರೆಗೆ ಕೇಳುವಂತೆ ಕೂಗಿದ. “ಎಂಟನೂರಾ ಇಪ್ಪತ್ತೈದು. ಒಂದ ಉಳೀತು. ಧ್ವಜ ಆಯ! ನಾ ಮೊದಲ ಹೇಳಿದ್ದೆ, ಇದು ಗಂಡಸರಿಗೆ ಆಗೂ ಮನಿ ಅಲ್ಲಂತ.”

ಆಯ ಧ್ವಜವೆಂದು ಕೇಳಿದ ಕೂಡಲೇ ದಫ್ತರದಾರರು ಕಟ್ಟೆಯಿಂದೆದ್ದು ಬೆಲೆಯನ್ನು ಮತ್ತೆ ಮುನ್ನೂರಕ್ಕೆ ಏರಿಸಿದರು.

ಮರುದಿನ ನಾಲ್ವರೂ ಶಿರಹಟ್ಟಿಗೆ ಹೋದರು. ಯಮನೂರಪ್ಪ ತನ್ನದೂ ಸೇರಿಸಿ ನಾಲ್ಕು ಚೀಟಿ ಹರಿದ. ಕಚೇರಿಯ ಅಂಗಳದಲ್ಲಿ ನಾಳಿನ ಸಮಾರಂಭಕ್ಕೆ ಮಾವಿನ ತೋರಣ ಕಟ್ಟುತ್ತಿದ್ದರು. ಒಬ್ಬ ಮಾಸ್ತರರು ಗಿಡದ ಕೆಳಗೆ ನಿಂತು ಭಾಷಣ ಕಂಠಪಾಠ ಮಾಡುತ್ತಿದ್ದರು: “ಹರಿದು ಹಂಚಿಹೋಗಿದ್ದ ಕನ್ನಡಿಗರೆಲ್ಲ ನಾಳೆಯಿಂದ ಒಂದೇ ಸೂರಿನಡಿ...” ಸೂರು ಎಂಬ ಮಾತು ಕಿವಿಗೆ ಬಿದ್ದಾಗ ಯಮನೂರಪ್ಪ ಕಿಸೆ ಮುಟ್ಟಿ ನೋಡಿಕೊಂಡ. ಮುನ್ನೂರು ಹೋದ ಮೇಲೆ, ಕಾಗದದ ಖರ್ಚು ಹೋದ ಮೇಲೆ, ಮೋಟಾರಿನ ಚೀಟಿ ಹೋದ ಮೇಲೆ, ಸೂರಿಗೆ ಉಳಿದದ್ದು ಏಳಾಣೆ.

ಕಾರಕೂನ ಪತ್ರವನ್ನು ಗಟ್ಟಿಯಾಗಿ ಓದಿದ. ಕೊಂಡವರು: ನೀಲಗಂಗವ್ವ, ಗಂಡ ಯಮನೂರಪ್ಪ, ಸಾಕಿನ ಲಕ್ಷ್ಮೇಶ್ವರ. ನೀಲಗಂಗವ್ವ ನಾಲಿಗೆ ಕಚ್ಚಿ ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡಿದಳು.

“ಸಾಕ್ಷಿ ಯಾರು?” ಎಂದ ಕಾರಕೂನ. “ಒಬ್ಬ ಗೌಂಡಿ ಅದಾನ. ಇನ್ನೊಬ್ಬರು ಬೇಕು. ಎಲ್ಲಾ ಖರೆ ಅಂತ ಬರಕೊಡಾವ್ರು.”

“ಇವರು,” ಎಂದಳು ನೀಲಗಂಗವ್ವ ಗಂಡನ ಕಡೆ ತಿರುಗದೆಯೇ. “ಎಲ್ಲಾ ಕಣ್ಣಾರೆ ನೋಡ್ಯಾರ.”

ಯಮನೂರಪ್ಪ ಟಾಕು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಬಾಗಿದ. ವರ್ಷವಿಡೀ ಮನಸ್ಸಿನಲ್ಲಿ ಸಹಿ ಮಾಡಿ ಮಾಡಿ ರೂಢಿಯಾಗಿದ್ದರಿಂದ ಕೈ ನೇರ ಮಾಲಕರ ಹೆಸರಿನ ಪಕ್ಕಕ್ಕೆ ಹೋಯಿತು.

ಕಾರಕೂನ ಅದನ್ನು ಹಿಡಿದು ಸರಿಸಿದ. “ಅಲ್ಲಲ್ಲ. ಕೆಳಗ. ಇನ್ನೂ ಕೆಳಗ.”